ಕರಾವಳಿಯ ಶೇಂಗಾ ಬೆಳೆ: ಹವಾಮಾನ ಮತ್ತು ಶಿಲೀಂಧ್ರ ರೋಗಗಳು

ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳಲ್ಲಿ ಮುಂಗಾರು ಭತ್ತದ ಕಟಾವಿನ ನಂತರ ಗದ್ದೆಯಲ್ಲಿ ಉಳಿಯುವ ತೇವಾಂಶವನ್ನು ಬಳಸಿಕೊಂಡು ಶೇಂಗಾ ಬೆಳೆಯಲಾಗುತ್ತದೆ. ಮಳೆಯಿಲ್ಲದ ಕಾಲದ ಬೆಳೆಗೆ ರೋಗ ಬಾರದೆಂಬ ಭಾವನೆ ಸರಿಯಲ್ಲ. ಶಿಲೀಂಧ್ರದ ಬೀಜಾಣು ಮೊಳೆಯಲು ಎಲೆಯ ಮೇಲೆ ಹಲವು ಗಂಟೆಗಳ ಕಾಲ ನೀರಿನ ಪಸೆ ನಿಂತರೆ ಸಾಕು. ಕರಾವಳಿಯಲ್ಲಿ ರಾತ್ರಿ ಬೀಳುವ ಇಬ್ಬನಿಯೇ ಈ ಪಸೆಯನ್ನು ಒದಗಿಸುತ್ತದೆ. ಉಷ್ಣಾಂಶವೂ 25 ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದಲ್ಲಿ ಎಲೆಚುಕ್ಕೆ (ಟಿಕ್ಕಾ) ರೋಗವು ವೇಗವಾಗಿ ಹರಡುತ್ತದೆ. ಸಂಜೆ ತುಂತುರು ನೀರಾವರಿ ಮಾಡಿದರೆ ಎಲೆ ಇನ್ನಷ್ಟು ಹೊತ್ತು ಒದ್ದೆಯಾಗಿರುವುದರಿಂದ ಬೆಳಗಿನ ವೇಳೆ ನೀರು ಕೊಡುವುದು ಸೂಕ್ತ.

ಮುಂಚಿನ ಎಲೆಚುಕ್ಕೆಯು ಹಳದಿ ಅಂಚುಳ್ಳ ಕಂದು ಬಣ್ಣದ್ದು. ತಡವಾದ ಎಲೆಚುಕ್ಕೆ ಎಲೆಯ ತಳಭಾಗದಲ್ಲಿ ಕಪ್ಪಾಗಿ ಕಾಣುತ್ತದೆ. ತಳಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಿದ್ದರೆ ಅದು ತುಕ್ಕು ರೋಗ. ಇದು ಗಾಳಿಯ ಮೂಲಕ ಹರಡುವುದರಿಂದ ತಾನಾಗಿ ಹುಟ್ಟಿದ ಶೇಂಗಾ ಗಿಡಗಳನ್ನು ಕಿತ್ತುಹಾಕಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯು ತುಕ್ಕು ಮತ್ತು ತಡವಾದ ಎಲೆಚುಕ್ಕೆ ಎರಡಕ್ಕೂ ನಿರೋಧಕ ಶಕ್ತಿ ಹೊಂದಿದೆ. ಇತರ ತಳಿಗಳಲ್ಲಿ ರೋಗ ಕಂಡ ಕೂಡಲೇ ಪ್ರತಿ ಲೀಟರ್ ನೀರಿಗೆ 2 ಗ್ರಾಂ ಕ್ಲೋರೋಥಲೋನಿಲ್ ಅಥವಾ 1 ಮಿ.ಲೀ. ಹೆಕ್ಸಾಕೊನಜೋಲ್ ಬೆರೆಸಿ ಸಿಂಪಡಿಸಬಹುದು.

ಬುಡದಲ್ಲಿ ಬಿಳಿ ಎಳೆಗಳು, ಸಾಸಿವೆ ಕಾಳಿನಂಥ ಗಂಟುಗಳು ಕಂಡರೆ ಕಾಂಡ ಕೊಳೆ ರೋಗವೆಂದು ತಿಳಿಯಬೇಕು. ಬೆಚ್ಚಗಿನ ಹಸಿ ಮಣ್ಣು ಹಾಗೂ ಕೊಳೆಯದ ಹುಲ್ಲು ಇದಕ್ಕೆ ಅನುಕೂಲ. ಆದ್ದರಿಂದ ಬಸಿಗಾಲುವೆ ತೆಗೆದು, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ಬಿತ್ತಬೇಕು.

ಕೊನೆಯ ಹಂತದಲ್ಲಿ ಸ್ಥಿತಿ ತಿರುವುಮುರುವಾಗುತ್ತದೆ. ಕಾಯಿ ಬಲಿಯುವಾಗ ನೀರಿನ ಕೊರತೆ ಹಾಗೂ ಮಣ್ಣಿನ ಬಿಸಿ ಹೆಚ್ಚಾದರೆ ಆಸ್ಪರ್ಜಿಲಸ್ ಶಿಲೀಂಧ್ರವು ಕಾಳನ್ನು ಸೇರಿ, ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ವಿಷವನ್ನು ಉಂಟುಮಾಡುತ್ತದೆ. ಕಿತ್ತ ಬೆಳೆ ಬೇಸಿಗೆಯ ಅಡ್ಡಮಳೆಗೆ ನೆನೆದರೆ ಅಪಾಯ ಹೆಚ್ಚು. ಕಾಳಿನ ತೇವಾಂಶ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸತಕ್ಕದ್ದು. ಬೂಷ್ಟು ಹಿಡಿದ ಕಾಳನ್ನು ಎಣ್ಣೆಗಾಗಲಿ, ದನಗಳ ಹಿಂಡಿಗಾಗಲಿ ಬಳಸಬಾರದು. ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ.

ಅಧಿಸೂಚಿತ ಬೆಳೆಗೆ ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ್ದು, ಕಟಾವಿನ ನಂತರ 14 ದಿನಗಳೊಳಗೆ ಗದ್ದೆಯಲ್ಲಿ ಒಣಗಲು ಹರಡಿದ ಫಸಲು ಅಕಾಲಿಕ ಮಳೆಗೆ ಹಾನಿಗೊಂಡರೆ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ ಅಥವಾ ಕೃಷಿ ಇಲಾಖೆಗೆ ತಿಳಿಸತಕ್ಕದ್ದು. ರಿಯಾಯಿತಿ ದರದ ಬಿತ್ತನೆ ಬೀಜಕ್ಕಾಗಿ ಆಧಾರ್, ಪಹಣಿ ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಬಿತ್ತನೆಗೆ ಮುನ್ನವೇ ಸಂಪರ್ಕಿಸಬಹುದು. ರೋಗ ಗುರುತಿಸಲಾಗದಿದ್ದಲ್ಲಿ ಗಿಡವನ್ನು ಬೇರುಸಹಿತ ಕಿತ್ತು ಅದೇ ದಿನ ಕೇಂದ್ರಕ್ಕೆ ತರುವುದು.