ಮುಚ್ಚಿದ ಹೊಳೆ, ತೆರೆದ ಪೇಟೆ: ಕೌನ್ಸಿಲ್ ಯೋಜನೆಗಳಲ್ಲಿ ನಮ್ಮ ಪಾಲೇನು?



ಕೌನ್ಸಿಲ್‌ನಿಂದ ಮನೆಗೆ ಬರುವ ಕಾಗದಗಳಲ್ಲಿ ಟ್ಯಾಕ್ಸ್ ಬಿಲ್ ಒಂದನ್ನು ಬಿಟ್ಟರೆ ಉಳಿದದ್ದನ್ನು ನಮ್ಮಲ್ಲಿ ಹಲವರು ಓದುವುದೇ ಇಲ್ಲ. ಟೌನ್ ಸೆಂಟರ್ ಅಭಿವೃದ್ಧಿ, ನದಿಯ ಪುನರುಜ್ಜೀವನ ಎಂಬ ತಲೆಬರಹ ಕಂಡರಂತೂ "ಇದು ಇಲ್ಲಿನವರ ವಿಷಯ, ನಮಗೇಕೆ?" ಎಂದು ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಿಬಿಡುತ್ತೇವೆ. ಆದರೆ ನಾವು ಕೊಳ್ಳುವ ಮನೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆಯೇ, ಮಕ್ಕಳು ನಡೆದಾಡಲು ದಾರಿ ಇರುತ್ತದೆಯೇ ಎಂಬುದು ಬಹುಮಟ್ಟಿಗೆ ಇಂಥ ಯೋಜನೆಗಳಲ್ಲೇ ತೀರ್ಮಾನವಾಗುತ್ತದೆ. ಮ್ಯಾಂಚೆಸ್ಟರ್ ಸಮೀಪದ ರೋಚ್‌ಡೇಲ್ ಊರಿನ ಉದಾಹರಣೆಯಿಂದ ಇದನ್ನು ವಿವರಿಸುವ ಪ್ರಯತ್ನ ಮಾಡಿದ್ದೇವೆ.

ರೋಚ್‌ಡೇಲ್ ನಮಗೆ ತೀರಾ ಅಪರಿಚಿತ ಊರೇನಲ್ಲ. 1844ರಲ್ಲಿ ಇಲ್ಲಿನ ನೇಕಾರರು ಮತ್ತು ಕುಶಲಕರ್ಮಿಗಳು ಸೇರಿ ತೆರೆದ ಸಹಕಾರಿ ಅಂಗಡಿ ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾಯಿತು. ಅದೇ ಚಳವಳಿ 1905ರಲ್ಲಿ ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲೂ ಬೇರೂರಿತು.

ಹೊಳೆಯನ್ನು ಮುಚ್ಚಿದ್ದೇಕೆ, ತೆರೆದದ್ದೇಕೆ?

ಪೆನ್ನೈನ್ ಬೆಟ್ಟಗಳಲ್ಲಿ ಹುಟ್ಟುವ ರೋಚ್ ನದಿ ರೋಚ್‌ಡೇಲ್ ಪೇಟೆಯ ಮಧ್ಯದಲ್ಲೇ ಹರಿದು ಮುಂದೆ ಇರ್ವೆಲ್ ನದಿಯನ್ನು ಸೇರುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ನೀರು ಕೊಳೆತು ನಾರುತ್ತಿತ್ತು, ಟ್ರಾಮ್ ಮತ್ತು ಗಾಡಿಗಳಿಗೆ ಜಾಗವೂ ಬೇಕಿತ್ತು. ಹಾಗಾಗಿ 1904ರಿಂದ 1926ರ ನಡುವೆ ಹಂತಹಂತವಾಗಿ ನದಿಯ ಮೇಲೆ ಕಾಂಕ್ರೀಟ್ ಹಾಸಿದರು. ಜಗತ್ತಿನಲ್ಲೇ ಅತಿ ಅಗಲದ ಸೇತುವೆ ನಮ್ಮದು ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ. ನದಿ ಮಾತ್ರ ಕಣ್ಣಿಗೆ ಕಾಣದಂತಾಯಿತು.

ಮುಚ್ಚಿದ ನದಿಗೆ ಒಂದು ದೊಡ್ಡ ತೊಂದರೆಯಿದೆ. ತೆರೆದ ನದಿಯಲ್ಲಿ ನೀರು ಹೆಚ್ಚಾದರೆ ಅದು ಮೇಲಕ್ಕೆ, ಪಕ್ಕಕ್ಕೆ ಹರಡಬಹುದು. ಸುರಂಗದಲ್ಲಿ ಹಾಗಲ್ಲ, ಅದರ ಅಳತೆ ಮೀರಿ ನೀರು ಬಂದರೆ ಹಿಂದಕ್ಕೆ ತಳ್ಳಿ ಮೇಲಿನ ರಸ್ತೆಗೆ ನುಗ್ಗುತ್ತದೆ. ಮರದ ಕೊಂಬೆ, ಕಸ ಸಿಕ್ಕಿಕೊಂಡರೆ ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ, ತೆಗೆಯುವುದೂ ಕಷ್ಟ. ಬೆಳಕಿಲ್ಲದ ಕಡೆ ಗಿಡ, ಮೀನುಗಳೂ ಬಾಳುವುದಿಲ್ಲ.

ಈ ಕಾರಣಗಳಿಂದ ರೋಚ್‌ಡೇಲ್ ಕೌನ್ಸಿಲ್ ಎನ್ವಿರಾನ್‌ಮೆಂಟ್ ಏಜೆನ್ಸಿ ಮತ್ತು ಲಾಟರಿ ನಿಧಿಯ ನೆರವಿನೊಂದಿಗೆ ಆ ಕಾಂಕ್ರೀಟನ್ನು ಒಡೆಸಿತು. 2016ರಲ್ಲಿ ನದಿ ಮತ್ತೆ ಪೇಟೆಗೆ ಕಾಣಿಸಿತು, ಜೊತೆಗೆ ಅಡಿಯಲ್ಲಿ ಹುದುಗಿದ್ದ ಮಧ್ಯಯುಗದ ಕಲ್ಲಿನ ಸೇತುವೆಯೂ ಸಿಕ್ಕಿತು. ಇದು ಒಂಟಿ ಕೆಲಸವಾಗಿರಲಿಲ್ಲ. 2014ರಲ್ಲಿ ಟ್ರಾಮ್ ಪೇಟೆಯೊಳಗೆ ಬಂತು, 2020ರಲ್ಲಿ ಹೊಸ ಅಂಗಡಿ ಸಂಕೀರ್ಣ ತೆರೆಯಿತು, 1871ರ ಭವ್ಯ ಟೌನ್ ಹಾಲ್ ದುರಸ್ತಿಯಾಗಿ 2024ರಲ್ಲಿ ಬಾಗಿಲು ತೆರೆಯಿತು.

ಹಾಗೆಂದು ನದಿ ತೆರೆದ ಕೂಡಲೇ ನೆರೆಯ ಭಯ ಹೋಗುವುದಿಲ್ಲ. ಕೆಲಸ ನಡೆಯುತ್ತಿದ್ದಾಗಲೇ, 2015ರ ಡಿಸೆಂಬರ್ 26ರಂದು, ರೋಚ್ ಉಕ್ಕಿ ಪೇಟೆಯೊಳಗೆ ನೀರು ನುಗ್ಗಿತು. ಮೇಲ್ಭಾಗದ ಬೆಟ್ಟಗಳಲ್ಲೇ ಮಳೆನೀರನ್ನು ನಿಧಾನಗೊಳಿಸುವುದು, ತಾತ್ಕಾಲಿಕವಾಗಿ ನಿಲ್ಲಿಸಲು ಜಾಗ ಬಿಡುವುದು ಇವೂ ಬೇಕು. ನಮ್ಮ ಐಟಿ ಮಂದಿಗೆ ಗೊತ್ತಿರುವಂತೆ, ಒಂದು ಕಡೆಯ ಅಡಚಣೆ ತೆಗೆದರೆ ಒತ್ತಡ ಮುಂದಿನ ಕಡೆಗೆ ಹೋಗುತ್ತದೆ, ಇಡೀ ವ್ಯವಸ್ಥೆಯನ್ನೇ ನೋಡಬೇಕು.

ಬೆಂಗಳೂರಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಎದ್ದಿತು. ರಾಜಕಾಲುವೆಗಳು ಕಿರಿದಾದದ್ದರ ಫಲವನ್ನು 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳು ಉಂಡವು.

ಮನೆ ಕೊಳ್ಳುವ ಮೊದಲು

ಅಭಿವೃದ್ಧಿ ಕಾಣುತ್ತಿರುವ ಪೇಟೆಗಳಲ್ಲಿ ನದಿ ದಂಡೆಯ ಹೊಸ ಫ್ಲ್ಯಾಟ್‌ಗಳು ನೋಡಲು ಚೆಂದ. ನಮ್ಮ ಅನೇಕ ಕುಟುಂಬಗಳು ಮೊದಲ ಮನೆ ಎಂದು ಇಂಥವನ್ನೇ ನೋಡುತ್ತವೆ. ಕೊಳ್ಳುವ ಮುನ್ನ ಎರಡು ವಿಷಯ ತಿಳಿದಿರಲಿ.

ಮೊದಲನೆಯದು, ನೆರೆಯ ನಕ್ಷೆ. ಇಂಗ್ಲೆಂಡಿನ ನಕ್ಷೆಯಲ್ಲಿ "ಫ್ಲಡ್ ಜೋನ್ 3" ಎಂದರೆ ಯಾವುದೇ ವರ್ಷ ನದಿ ಉಕ್ಕಿ ನೀರು ಬರುವ ಸಂಭವ ನೂರಕ್ಕೆ 1 ಅಥವಾ ಹೆಚ್ಚು. ನೂರು ವರ್ಷಕ್ಕೊಮ್ಮೆ ತಾನೆ ಎಂದು ಸುಮ್ಮನಿರಬೇಡಿ. ಶೇಕಡಾ 1 ಎಂದೇ ಹಿಡಿದು ಲೆಕ್ಕ ಹಾಕಿದರೂ 25 ವರ್ಷದ ಮಾರ್ಟ್‌ಗೇಜ್ ತೀರುವುದರೊಳಗೆ ಒಮ್ಮೆಯಾದರೂ ನೀರು ಬರುವ ಸಂಭವ ಸುಮಾರು ಶೇಕಡಾ 22.

ಎರಡನೆಯದು, ಇನ್ಶೂರೆನ್ಸ್. ನೆರೆ ಪ್ರದೇಶದ ಮನೆಗಳಿಗೆ ಕೈಗೆಟುಕುವ ದರದಲ್ಲಿ ವಿಮೆ ಸಿಗಲೆಂದು 2016ರಲ್ಲಿ "ಫ್ಲಡ್ ರೀ" ಎಂಬ ವ್ಯವಸ್ಥೆ ಬಂತು. ಆದರೆ 2009ರ ಜನವರಿ 1ರ ನಂತರ ಕಟ್ಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಹೊಸ ಮನೆಯಾದ್ದರಿಂದ ಚಿಂತೆಯಿಲ್ಲ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಮುಂಗಡ ಕೊಡುವ ಮೊದಲೇ ವಿಮೆಯ ದರ ಕೇಳಿ ನೋಡಿ.

ನಮ್ಮ ಮಾತಿಗೂ ಬೆಲೆಯಿದೆ

ಯಾವುದೇ ಕಟ್ಟಡದ ಅರ್ಜಿ ಬಂದಾಗ ಅಭಿಪ್ರಾಯ ತಿಳಿಸಲು ಕೌನ್ಸಿಲ್ ಸಾಮಾನ್ಯವಾಗಿ ಕನಿಷ್ಠ 21 ದಿನ ಕೊಡುತ್ತದೆ. ಇದಕ್ಕೆ ಬ್ರಿಟಿಷ್ ಪೌರತ್ವ ಬೇಡ, ಸ್ವಂತ ಮನೆಯೂ ಬೇಡ. ಬಾಡಿಗೆಗೆ ಇರುವವರೂ ಬರೆಯಬಹುದು. ನೆರೆ, ವಾಹನ ದಟ್ಟಣೆ, ಬೆಳಕು, ಗದ್ದಲ ಇವುಗಳ ಬಗ್ಗೆ ಬರೆದರೆ ಅಧಿಕಾರಿಗಳು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. "ನಮ್ಮ ಮನೆಯ ಬೆಲೆ ಇಳಿಯುತ್ತದೆ" ಎಂದು ಬರೆದರೆ ಪ್ರಯೋಜನವಿಲ್ಲ.

ಇನ್ನೊಂದು ಮುಖ್ಯ ವಿಷಯ ನಮ್ಮಲ್ಲಿ ಹಲವರಿಗೆ ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಸರಿಯಾದ ವೀಸಾದ ಮೇಲೆ ಇಲ್ಲಿ ವಾಸಿಸುವ 18 ತುಂಬಿದ ಭಾರತೀಯ ಪ್ರಜೆಗಳಿಗೂ ಕೌನ್ಸಿಲ್ ಚುನಾವಣೆಯಲ್ಲಿ ಮತದಾನದ ಹಕ್ಕಿದೆ. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡರೆ ಸಾಕು. ಮತಗಟ್ಟೆಯಲ್ಲಿ ತೋರಿಸಲು ಭಾರತದ ಪಾಸ್‌ಪೋರ್ಟ್ ಆಗುತ್ತದೆ.

ಮನೆ ಮಟ್ಟದಲ್ಲೂ ಮಾಡುವುದಿದೆ. ಕಾರು ನಿಲ್ಲಿಸಲೆಂದು ಮುಂದಿನ ತೋಟಕ್ಕೆ ಕಾಂಕ್ರೀಟ್ ಹಾಕಿಸಿದರೆ ಮಳೆನೀರೆಲ್ಲ ಒಮ್ಮೆಲೇ ಚರಂಡಿಗೆ ಓಡುತ್ತದೆ. ಇಂಗ್ಲೆಂಡಿನಲ್ಲಿ 2008ರಿಂದ ಮುಂಭಾಗದ 5 ಚದರ ಮೀಟರ್‌ಗಿಂತ ಹೆಚ್ಚು ಜಾಗವನ್ನು ನೀರು ಇಂಗದಂತೆ, ಅದು ತೋಟದಲ್ಲೇ ಇಂಗಲು ಬೇರೆ ದಾರಿಯೂ ಇಲ್ಲದಂತೆ ಮುಚ್ಚಲು ಅನುಮತಿ ಬೇಕು. ನೀರಿಳಿಯುವ ಕಲ್ಲು, ಜಲ್ಲಿ ಹಾಕಿಸಿದರೆ ಕಾರಿಗೂ ಜಾಗ, ನೀರಿಗೂ ದಾರಿ.

ಮುಂದಿನ ಸಲ ಕೌನ್ಸಿಲ್ ಕಾಗದ ಬಂದಾಗ ಹತ್ತು ನಿಮಿಷ ಕೊಟ್ಟು ಮನೆಮಂದಿಯೆಲ್ಲ ಓದಿ. ಮಕ್ಕಳಿಗೂ ಊರಿನ ಹೊಳೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ತೋರಿಸಿ. ತೆರಿಗೆ ಕಟ್ಟುವ ನಾವು ಈ ಊರಿನವರೂ ಹೌದು. ಕೇಳಿದಾಗ ಉತ್ತರಿಸೋಣ.