ಐದೂಕಾಲಿಗೆ ಬಿಟ್ಟರೆ ಬಸ್ ಸಿಗುತ್ತೆ

ಬೆಳಿಗ್ಗೆ ಎಂಟರ ಸುಮಾರಿಗೆ ಮೈಸೂರಿನ ರಿಂಗ್ ರಸ್ತೆ ಬೆಂಗಳೂರು ರಸ್ತೆಯನ್ನು ಕೂಡುವ ಮಣಿಪಾಲ್ ಸಿಗ್ನಲ್ ಹತ್ತಿರ ನಿಂತು ನೋಡಿ. ಶ್ರೀರಂಗಪಟ್ಟಣದ ಕಡೆ ಹೊರಟ ಎಷ್ಟೋ ಕಾರುಗಳಲ್ಲಿ ಸ್ಟೇರಿಂಗ್ ಹಿಡಿದವರನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಯೂ ಇರುವುದಿಲ್ಲ. ಪಕ್ಕದ ಸೀಟಿನಲ್ಲಿ ಊಟದ ಬ್ಯಾಗು. ಮೇಷ್ಟ್ರು, ಬ್ಯಾಂಕಿನವರು, ಆಸ್ಪತ್ರೆಯವರು, ತಾಲ್ಲೂಕು ಕಚೇರಿಯವರು. ಕೆಲಸ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ, ಮಕ್ಕಳ ಸ್ಕೂಲು ಮೈಸೂರಿನಲ್ಲಿ. ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲೇ ವಾಸವಿರಬೇಕೆಂಬ ನಿಯಮ ಕಾಗದದಲ್ಲೇ ಉಳಿದಿರುವುದು ಎಲ್ಲರಿಗೂ ಗೊತ್ತಿರುವುದೇ.

ಇವರಲ್ಲಿ ಹೆಚ್ಚಿನವರು ಶೋಕಿಗೆ ಕಾರು ಓಡಿಸುತ್ತಿಲ್ಲ. ಕೆ.ಆರ್. ಪೇಟೆಗೆ ಮೈಸೂರಿನಿಂದ ಸುಮಾರು 55 ಕಿಲೋಮೀಟರ್. ಹೋಗಿಬರಲು 110. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರಿಗೆ ಆರು ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಅಂತಲೇ ಹಿಡಿದರೂ ದಿನಕ್ಕೆ 600, ತಿಂಗಳಿಗೆ 24 ದಿನವಾದರೆ 14,400 ರೂಪಾಯಿ. ನಾಲ್ವರು ಸೇರಿದರೆ ತಲೆಗೆ 3,600. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೂ ಒಬ್ಬೊಬ್ಬರೇ ಹೋಗುವುದೇಕೆ?

ನಾನೂ ಕೆಲವು ವರ್ಷ ಆ ಕಡೆ ಓಡಾಡಿದವನು. ನಾಲ್ವರು ಸಹೋದ್ಯೋಗಿಗಳು ವಾರಕ್ಕೊಬ್ಬರಂತೆ ಪಾಳಿ ಹಾಕಿಕೊಂಡಿದ್ದೆವು. ಚಿನಕುರಳಿಯಲ್ಲಿ ಕಾಫಿ, ಪಾಂಡವಪುರ ದಾಟುವಷ್ಟರಲ್ಲಿ ಒಬ್ಬರಿಗೆ ನಿದ್ದೆ. ಪಾಳಿ ಮುರಿದದ್ದು ಜಗಳದಿಂದಲ್ಲ, ಮೀಟಿಂಗಿನಿಂದ. ಸಂಜೆ ಐದಕ್ಕೆ ಕರೆದ ಮೀಟಿಂಗ್ ಏಳಾದರೂ ಮುಗಿಯದ ಒಂದು ದಿನ ಮೂವರು ಹೊರಗೆ ಕಾದು ಕುಳಿತಿದ್ದರು. ಅಂಥದ್ದು ಮೂರು ಸಲ ಆಯಿತು. ನಾಲ್ಕನೇ ವಾರ ನಾಲ್ಕು ಕಾರು.

ಹಾಗಾಗಿ ಕಾರು ಕಡಿಮೆ ಮಾಡಬೇಕೆನ್ನುವ ಕಚೇರಿ, ಕಾರ್ಖಾನೆ, ಕಾಲೇಜು ಮೊದಲು ನೋಡಬೇಕಾದದ್ದು ತನ್ನ ಗಡಿಯಾರವನ್ನು. ಒಂದು ರಿಜಿಸ್ಟರ್ ತೆಗೆದು ಯಾರು ಯಾವ ಊರಿಂದ ಬರುತ್ತಾರೆ, ಎಷ್ಟಕ್ಕೆ ಹೊರಡುತ್ತಾರೆ, ವಾಪಸ್ ಹೋಗಲು ಯಾವ ಬಸ್ಸು ತಪ್ಪುತ್ತದೆ ಎಂದು ಬರೆಸಿ. ಇದೆಲ್ಲ ಮೇಲಧಿಕಾರಿಗಿಂತ ಅಟೆಂಡರಿಗೆ ಚೆನ್ನಾಗಿ ಗೊತ್ತಿರುತ್ತದೆ, ಕೆಲಸ ಅವರಿಗೇ ವಹಿಸಿ. ಐದೂವರೆಗೆ ಬಿಡುವ ಕಚೇರಿಯ ಎದುರು ಐದು ಇಪ್ಪತ್ತೈದಕ್ಕೇ ಬಸ್ಸು ಹಾದುಹೋಗುತ್ತಿದ್ದರೆ ಒಂದೋ ಕಾಲುಗಂಟೆ ಬೇಗ ಬಂದು ಬೇಗ ಹೋಗಲು ಬಿಡಬೇಕು, ಇಲ್ಲವೇ ಹೆಸರುಗಳ ಪಟ್ಟಿ ಸಮೇತ ಡಿಪೋ ಮ್ಯಾನೇಜರಿಗೆ ಪತ್ರ ಬರೆಯಬೇಕು. ಒಬ್ಬೊಬ್ಬರೇ ಕೇಳಿದರೆ ಕಿವಿಗೆ ಹಾಕಿಕೊಳ್ಳದವರು ನಲವತ್ತು ಜನ ಪ್ರಯಾಣಿಕರ ಪಟ್ಟಿ ನೋಡಿದರೆ ಯೋಚಿಸುತ್ತಾರೆ. ಶ್ರೀರಂಗಪಟ್ಟಣ ಸ್ಟೇಷನ್ ಬಳಿ ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿದರು. ಹಾಜರಿ ಪುಸ್ತಕವನ್ನು ಹದಿನೈದು ನಿಮಿಷ ಸರಿಸುವುದು ಅದಕ್ಕಿಂತ ಕಷ್ಟವಿರಲಾರದು.

ಎರಡನೆಯದು ಬಸ್ಸೋ ರೈಲೋ ಇಳಿದ ಮೇಲಿನ ಕೊನೆಯ ನಾಲ್ಕು ಕಿಲೋಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆದರೆ ಬಸ್ಸು ಇಳಿದ ಮೇಲೆ ಕಾರ್ಖಾನೆಯ ಗೇಟಿನವರೆಗೆ ಆಟೋಗೆ ದುಡ್ಡು ತೆರಬೇಕಾದರೆ ಆ ಉಚಿತ ಅರ್ಧಕ್ಕೇ ನಿಂತಿತು. ಪಾಂಡವಪುರ ರೈಲ್ವೆ ಸ್ಟೇಷನ್ ಪಟ್ಟಣದಿಂದ ದೂರ. ನಾಗಮಂಗಲ ತಾಲ್ಲೂಕಿನಲ್ಲಿ ರೈಲು ಸಿಗುವುದು ಬಿ.ಜಿ. ನಗರದ ಕಡೆ, 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗದಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿಗೆ ಅಕ್ಕಿಹೆಬ್ಬಾಳು, ಮಂದಗೆರೆ. ಇಂಥ ಕಡೆ ನಾಲ್ಕೈದು ಸಂಸ್ಥೆಗಳು ಸೇರಿ ಒಂದೇ ಟೆಂಪೋ ಟ್ರಾವೆಲರ್ ಇಟ್ಟು ಬೆಳಿಗ್ಗೆ ಎರಡು, ಸಂಜೆ ಎರಡು ಟ್ರಿಪ್ ಓಡಿಸಿದರೆ ಸಾಕು. ಇಡೀ ಮೈಸೂರು ಸುತ್ತುವ ಬಸ್ಸು ಕೊಳ್ಳಬೇಕಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಮಾತು. ಮೊದಲು ತಿಂಗಳಿಗೆ 1,600 ರೂಪಾಯಿವರೆಗಿನ ಸಾರಿಗೆ ಭತ್ಯೆಗೆ ತೆರಿಗೆ ಇರಲಿಲ್ಲ. 2018ರ ಏಪ್ರಿಲ್‌ನಿಂದ ಅಂಗವಿಕಲ ನೌಕರರನ್ನು ಬಿಟ್ಟು ಉಳಿದವರಿಗೆ ಆ ವಿನಾಯಿತಿ ಹೋಯಿತು. ಆದರೆ ಮನೆಯಿಂದ ಕೆಲಸಕ್ಕೆ ಕರೆತಂದು ಬಿಡುವ ಕಂಪನಿ ವಾಹನವನ್ನು ಆದಾಯ ತೆರಿಗೆ ಕಾಯ್ದೆ ನೌಕರರ ಆದಾಯವೆಂದು ಲೆಕ್ಕ ಹಿಡಿಯುವುದಿಲ್ಲ. ಪೆಟ್ರೋಲ್ ಭತ್ಯೆ ಕೊಟ್ಟು ಕಾರು ಹೆಚ್ಚಿಸುವುದಕ್ಕಿಂತ ವ್ಯಾನ್ ಇಡುವುದು ಕಂಪನಿಗೂ ನೌಕರರಿಗೂ ಲಾಭ.

ಕಾರು ಹಂಚಿಕೊಳ್ಳುವವರಿಗೆ ಒಂದು ಎಚ್ಚರಿಕೆ: ವೈಟ್ ಬೋರ್ಡ್ ಕಾರಿನಲ್ಲಿ ತಲೆಗಿಷ್ಟು ಅಂತ ಬಾಡಿಗೆ ವಸೂಲಿ ಮಾಡಿದರೆ ಆರ್‌ಟಿಓ ಕಣ್ಣಿಗೂ ಬೀಳುತ್ತೀರಿ, ಅಪಘಾತವಾದಾಗ ವಿಮೆಯವರ ತಕರಾರಿಗೂ ಸಿಗುತ್ತೀರಿ. ಈ ವಾರ ನನ್ನ ಕಾರು, ಮುಂದಿನ ವಾರ ನಿಮ್ಮದು ಎನ್ನುವ ಪಾಳಿಯೇ ಕ್ಷೇಮ.

ಪಾರ್ಕಿಂಗ್ ಇನ್ನೊಂದು ಉಪಾಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲೊಂದು ಕಾನೂನು ಬಂತು. ಉದ್ಯೋಗಿಗೆ ಬಿಟ್ಟಿ ಪಾರ್ಕಿಂಗ್ ಕೊಡಲು ಜಾಗ ಬಾಡಿಗೆಗೆ ಹಿಡಿದ ಕಂಪನಿ, ಕಾರು ತರದವರಿಗೆ ಅದೇ ಮೊತ್ತವನ್ನು ಕೈಗೆ ಕೊಡಬೇಕು. ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಹಾಗೆ ಮಾಡಿದ ಎಂಟು ಕಂಪನಿಗಳನ್ನು ನೋಡಿದಾಗ ಒಬ್ಬರೇ ಕಾರಿನಲ್ಲಿ ಬರುವವರು ನೂರಕ್ಕೆ 76ರಿಂದ 63ಕ್ಕೆ ಇಳಿದಿದ್ದರು. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಕಚೇರಿ ಆವರಣಕ್ಕೆ ಬಾಡಿಗೆ ಎಲ್ಲಿದೆ? ಇಲ್ಲಿ ಬೆಲೆ ಇರುವುದು ನೆರಳಿಗೆ. ಹೊಂಗೆ ಮರದ ಕೆಳಗಿನ ಜಾಗವನ್ನು ಮೂವರನ್ನು ಹೊತ್ತು ತಂದ ಕಾರಿಗೆ ಮೀಸಲಿಡಿ. ಒಬ್ಬರೇ ಬಂದವರು, ಸಾಹೇಬರೂ ಸೇರಿ, ಬಿಸಿಲಲ್ಲಿ ನಿಲ್ಲಿಸಲಿ. ಏಪ್ರಿಲ್ ಬರುವಷ್ಟರಲ್ಲಿ ಪಾಳಿ ತಾನಾಗಿ ಕುದುರುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ಅಳುಕು ಉಳಿಯುತ್ತದೆ. ಮಗುವಿಗೆ ಜ್ವರ ಅಂತ ಮಧ್ಯಾಹ್ನ ಫೋನ್ ಬಂದರೆ? ಕೊನೇ ಬಸ್ಸು ಹೋದ ಮೇಲೆ ಕೆಲಸ ಮುಗಿದರೆ? ಅಂಥ ದಿನ ಸಂಸ್ಥೆಯ ಖರ್ಚಿನಲ್ಲಿ ಟ್ಯಾಕ್ಸಿ ಮಾಡಿ ಕಳಿಸುತ್ತೇವೆಂದು ನೋಟಿಸ್ ಬೋರ್ಡಿಗೆ ಹಚ್ಚಿ, ಊರಿನ ಟ್ಯಾಕ್ಸಿ ಸ್ಟ್ಯಾಂಡಿನ ನಂಬರನ್ನೂ ಅದರ ಕೆಳಗೆ ಬರೆಯಿರಿ. ನಮ್ಮ ನಾಲ್ವರ ಪಾಳಿಗೆ ಆ ಏಳು ಗಂಟೆಯ ಸಂಜೆಗಳಲ್ಲಿ ಬೇಕಿದ್ದದ್ದು ಆ ಒಂದು ನಂಬರ್ ಅಷ್ಟೆ.