ಎಲ್ಲರೂ ತುಳಿಯುವ ಸೈಕಲ್

ಎರಡು ಗಾಲಿಯ ಸೈಕಲ್ಲಿಗಿಂತ ಮೊದಲೇ ಕೈಯಿಂದ ತಿರುಗಿಸಿ ಓಡಿಸುವ ಬಂಡಿ ಹುಟ್ಟಿತ್ತು. ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್‌ನಲ್ಲಿ ಗಡಿಯಾರ ಮಾಡುತ್ತಿದ್ದ ಸ್ಟೀಫನ್ ಫಾರ್ಫ್ಲರ್‌ಗೆ ಕಾಲುಗಳ ಸ್ವಾಧೀನವಿರಲಿಲ್ಲ. 1655ರಲ್ಲಿ ಆತ ಹಲ್ಲುಚಕ್ರಗಳನ್ನು ಜೋಡಿಸಿ, ಹಿಡಿಕೆ ತಿರುಗಿಸಿದರೆ ಮುಂದಿನ ಗಾಲಿ ಓಡುವ ಮೂರು ಗಾಲಿಯ ಬಂಡಿಯನ್ನು ತನಗಾಗಿ ಕಟ್ಟಿಕೊಂಡ. ಸೈಕಲ್ಲಿನ ಮೂಲರೂಪವನ್ನು ಕಾರ್ಲ್ ಡ್ರೈಸ್ ಓಡಿಸಿದ್ದು 1817ರಲ್ಲಿ. ಅಂಗವಿಕಲರ ಸೈಕಲ್ ಸವಾರಿ ಈಚಿನವರು ಕರುಣೆಯಿಂದ ಕೊಟ್ಟ ಸವಲತ್ತಲ್ಲ.

ಸಮತೋಲನ ಸಾಲದವರಿಗೆ ಮೂರು ಗಾಲಿಯ ಸೈಕಲ್, ಕಾಲಿನ ಬಲವಿಲ್ಲದವರಿಗೆ ಕೈಪೆಡಲಿನದು, ಬೆನ್ನಿಗೆ ಆಸರೆ ಬೇಕಾದವರಿಗೆ ಒರಗಿ ಕೂರುವಂಥದು ಇದೆ. ದೃಷ್ಟಿದೋಷವಿರುವವರಿಗೆ ಇಬ್ಬರು ತುಳಿಯುವ ಟ್ಯಾಂಡಮ್ ಇದೆ. ಇದರಲ್ಲಿ ಹಿಂದೆ ಕೂತವರು ಬರಿಯ ಪ್ರಯಾಣಿಕರಲ್ಲ. ಸಾಮಾನ್ಯವಾಗಿ ಎರಡೂ ಜೊತೆ ಪೆಡಲುಗಳನ್ನು ಒಂದು ಚೈನು ಬಿಗಿದಿರುತ್ತದೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರೂ ನಿಲ್ಲಿಸಲೇಬೇಕು. ಹೊರಡುವ ಮುನ್ನ ಮುಂದಿನವರು ಕೂಗಿ ಹೇಳುತ್ತಾರೆ, ಗೇರು ಬದಲಿಸುವಾಗ, ಹಳ್ಳ ಬಂದಾಗ, ಬ್ರೇಕ್ ಹಿಡಿಯುವಾಗಲೂ ಅಷ್ಟೇ. ಹಿಂದಿನವರ ಕಾಲು ಆ ಮಾತಿಗೆ ತಕ್ಷಣ ಓಗೊಡುತ್ತದೆ. ರಸ್ತೆಯನ್ನು ಒಬ್ಬರು ಕಣ್ಣಿನಿಂದ, ಇನ್ನೊಬ್ಬರು ಕಿವಿಯಿಂದ ಓದುತ್ತಾರೆ.

ತೊಡಕಿರುವುದು ಬೆಲೆಯಲ್ಲಿ. ಇಂಥ ಸೈಕಲ್ಲುಗಳು ಕಡಿಮೆ ಸಂಖ್ಯೆಯಲ್ಲಿ ತಯಾರಾಗುವುದರಿಂದ ದುಬಾರಿ. ಬಡವರ ಮನೆಯ ಮಗುವಿಗೆ, ವಲಸೆ ಬಂದ ಕುಟುಂಬದ ಹುಡುಗಿಗೆ ಅವು ಎಟುಕುವುದಿಲ್ಲ. ಕೊಂಡರೂ ಇಕ್ಕಟ್ಟಿನ ಮನೆಯಲ್ಲಿ ಇಡಲು ಜಾಗವಿರುವುದಿಲ್ಲ. ಲಂಡನ್ನಿನಲ್ಲಿ 2007ರಲ್ಲಿ ಆರಂಭವಾದ ವೀಲ್ಸ್ ಫಾರ್ ವೆಲ್‌ಬೀಯಿಂಗ್ ಸಂಸ್ಥೆ ಇದಕ್ಕೆ ನೇರ ದಾರಿ ಹಿಡಿಯಿತು. ಬಗೆಬಗೆಯ ಸೈಕಲ್ಲುಗಳನ್ನು ತಾನೇ ಇಟ್ಟುಕೊಂಡು, ವಾಹನ ಬಾರದ ಮೈದಾನಗಳಲ್ಲಿ ಸವಾರಿಗೆ ಕೊಡುತ್ತದೆ. 1948ರ ಒಲಿಂಪಿಕ್ಸ್ ಟ್ರ್ಯಾಕ್ ಸೈಕಲ್ ಪಂದ್ಯಗಳು ನಡೆದ ಹರ್ನ್ ಹಿಲ್ ಅಂಗಳವೂ ಅವುಗಳಲ್ಲೊಂದು. ಕೊಳ್ಳುವ ಹಂಗಿಲ್ಲ, ಬಂದು ತುಳಿದರಾಯಿತು. ನನ್ನ ಮಟ್ಟಿಗೆ ಬಡ ದೇಶಗಳಿಗೂ ಹೊಂದುವ ಕ್ರಮ ಇದೇ.

ಮೈದಾನ ದಾಟಿ ಬೀದಿಗಿಳಿದರೆ ಮತ್ತೊಂದು ತಡೆ. ಮೋಟಾರ್ ಬೈಕು ನುಗ್ಗದಿರಲೆಂದು ದಾರಿಯ ಬಾಯಿಗೆ ನೆಟ್ಟ ಕಂಬಗಳು ಮೂರು ಗಾಲಿಯವರನ್ನೂ ಹೊರಗಿಡುತ್ತವೆ. ಇಂಗ್ಲೆಂಡಿನ ಸರ್ಕಾರ 2020ರಲ್ಲಿ ತಂದ ಮಾರ್ಗಸೂಚಿ 2.8 ಮೀಟರ್ ಉದ್ದ, 1.2 ಮೀಟರ್ ಅಗಲದ ಸೈಕಲ್ಲನ್ನು ಅಳತೆಗೋಲಾಗಿಟ್ಟು ದಾರಿ ರೂಪಿಸಿ ಎಂದಿತು. ಅದರ ಪ್ರಕಾರ ಕಂಬಗಳ ನಡುವೆ 1.5 ಮೀಟರ್ ತೆರವಿರಬೇಕು.

ಕರ್ನಾಟಕದಲ್ಲಿ 2006-07ರಿಂದ 8ನೇ ತರಗತಿಯವರಿಗೆ ಉಚಿತ ಸೈಕಲ್ ಬರತೊಡಗಿದಾಗ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿ ಹತ್ತಿರವಾಯಿತು. ಆದರೆ ಬಂದದ್ದು ಎರಡು ಗಾಲಿಯದು. ಅದನ್ನು ತುಳಿಯಲಾಗದ ಮಗುವಿನ ಪಾಲು ಹಾಗೇ ಉಳಿಯಿತು. ಪ್ರತಿ ತಾಲ್ಲೂಕು ಕ್ರೀಡಾಂಗಣದಲ್ಲಿ ಒಂದೆರಡು ಮೂರು ಗಾಲಿಯ ಸೈಕಲ್, ಒಂದು ಟ್ಯಾಂಡಮ್, ಜೊತೆಗೆ ಕಲಿಸುವ ಒಬ್ಬರು ಇದ್ದರೆ ಕೆಲಸ ಶುರುವಾಗುತ್ತದೆ. ನಿಮ್ಮೂರಿನ ಪಾರ್ಕಿನ ಬಾಗಿಲನ್ನು ಈ ವಾರವೇ ಅಳೆದು ನೋಡಿ, 1.5 ಮೀಟರಿಗಿಂತ ಕಿರಿದಾಗಿದ್ದರೆ ಪುರಸಭೆಗೋ ಪಂಚಾಯಿತಿಗೋ ಒಂದು ಅರ್ಜಿ ಬರೆಯಿರಿ.